ಲೇಸಿಗೆ ಗಂಜಿ ಏಕೆ?

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ತಾಯಿಯವರು ಕ್ರೋಶಾ ಕಡ್ಡಿಯಿಂದ ಹೆಣೆದ ಪುಟ್ಟದೊಂದು ಹೂಬುಟ್ಟಿಯಿದೆ. ಗಂಜಿ ಹಾಕಿದ ಈ ಬುಟ್ಟಿ ಬೇಸಿಗೆಯಲ್ಲಿ ಸೆಟೆದು ನಿಲ್ಲುತ್ತದೆ. ಬಂಡೀಪುರದ ಕಾಡಿನ ಕಡೆಯಿಂದ ಮಳೆಗಾಳಿ ಬೀಸತೊಡಗಿತೆಂದರೆ ಬಾಡಿದ ಹೂವಿನಂತೆ ಕುಸಿಯುತ್ತದೆ. ತಾಯಿಯವರ ಕಣ್ಣು ಈಗ ಮಂದವಾಗಿದೆ. ಇನ್ನೊಂದನ್ನು ಅವರು ಹೆಣೆಯಲಾರರು. ಆದುದರಿಂದ, ನೂಲು ಕೆಡದಂತೆ ಬುಟ್ಟಿಯನ್ನು ನಿಲ್ಲಿಸುವ ಬಗೆ ಯಾವುದೆಂದು ನಾವು ವಿಚಾರಮಾಡಬೇಕಾಯಿತು.

ಹತ್ತಿಯ ನೂಲು ಅನೇಕ ಸೂಕ್ಷ್ಮ ನಾರುಗಳ ಹುರಿ. ಬಾಗಿಸಿದಾಗ ನಾರುಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಮೆದುವಾಗಿರುತ್ತದೆ. ವಾಚಕರು ಒಂದು ಪ್ರಯೋಗ ಮಾಡಿ ನೋಡಬಹುದು. 10 ಕಾಗದದ ಹಾಳೆಗಳನ್ನು ಜೋಡಿಸಿ ಬಾಗಿಸಿರಿ, ಸುಲಭವಾಗಿ ಬಾಗುತ್ತವೆ. ಅವನ್ನೇ ಪೂರ್ತಿಯಾಗಿ ಅಂಟಿಸಿ ಒಣಗಿಸಿದರೆ ಹಲಗೆಯಂತಾಗುತ್ತವೆ. ಬಿಡಿ ಹಾಳೆಗಳ ಪ್ರತಿರೋಧ ಒಂದು ಹಾಳೆಯದರ 10ರಷ್ಟು. ಅಂಟಿಸಿದವುಗಳದು ದಪ್ಪದ ಘನಕ್ಕೆ ಅನುಗುಣವಾಗಿ ಸುಮಾರು 1000ದಷ್ಟು! ಜಾರುವಿಕೆಯನ್ನು ತಡೆದುದೇ ಇದಕ್ಕೆ ಕಾರಣ. ನಾರುಗಳ ನಡುವೆ ಗಂಜಿ ಮಾಡುವ ಕೆಲಸವೂ ಇದೇ.

ಗಂಜಿಯನ್ನು ಕಾಯಿಸುವುದೇಕೆ? ಪಿಷ್ಟವು ಧಾನ್ಯ ಮತ್ತು ಗೆಡ್ಡೆಗಳಲ್ಲಿ ಸಣ್ಣ ಕಣಗಳಾಗಿ ಅಡಗಿರುತ್ತದೆ, ತಣ್ಣೀರಿನಲ್ಲಿ ಕರಗದು. ಸುಮಾರು 60ರಿಂದ 80 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಣಗಳು ನೀರು ಹೀರಿ ಉಬ್ಬಿ, ಸರಪಳಿಯಂತಹ ಉದ್ದನೆಯ ಅಣುಗಳನ್ನು ಹೊರಬಿಡುತ್ತವೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಗುಂಡ್ಲುಪೇಟೆಯಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಗಂಜಿಗೆ ಅಷ್ಟು ಧಾರಾಳವಾಗಿ ಸಾಕು. ಪಿಷ್ಟವೂ ಹತ್ತಿಯ ಸೆಲ್ಯುಲೋಸೂ ಗ್ಲೂಕೋಸಿನ ಸರಪಳಿಗಳೇ. ನೀರು ಆರಿದಂತೆ ಇವು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಮಳೆಗಾಲದಲ್ಲಿ ಗಾಳಿಯ ತೇವ ಈ ಸರಪಳಿಗಳ ನಡುವೆ ನುಸುಳಿ ಹಿಡಿತವನ್ನು ಸಡಿಲಿಸುತ್ತದೆ, ಬುಟ್ಟಿ ಕುಸಿಯುತ್ತದೆ. ಸಕ್ಕರೆ ಪಾಕದಿಂದಲೂ ಲೇಸನ್ನು ಸೆಟೆಸುವುದುಂಟು. ಆದರೆ ಅದು ತೇವಕ್ಕೆ ಜಿಗುಟಾಗುತ್ತದೆ, ಇರುವೆಗಳನ್ನೂ ಕರೆಯುತ್ತದೆ. ಮರಕ್ಕೆ ಹಾಕುವ ಬಿಳಿಯ ಅಂಟು ತೇವವನ್ನು ಹೆಚ್ಚು ತಾಳುವುದಾದರೂ, ಒಮ್ಮೆ ಒಣಗಿದ ಮೇಲೆ ನೂಲಿನಿಂದ ಬಿಡಿಸುವುದು ಕಷ್ಟ. ಗಂಜಿಯಾದರೋ ಬೆಚ್ಚನೆಯ ನೀರಿನಲ್ಲಿ ಬಿಟ್ಟುಹೋಗುತ್ತದೆ. ನೀರಿಗೆ ಸೋಲುವ ಗುಣವೇ ಇಲ್ಲಿ ನೂಲನ್ನು ಕಾಯುತ್ತದೆ.

ಕ್ರಮ ಹೀಗಿದೆ. ಮರಗೆಣಸಿನ ಪಿಷ್ಟದಿಂದ ತಯಾರಾದ ಸಬ್ಬಕ್ಕಿಯನ್ನು ನೆನೆಸಿ, ಧಾರಾಳವಾಗಿ ನೀರು ಬೆರೆಸಿ, ಕಾಳುಗಳು ಕರಗಿ ತಿಳಿಯಾಗುವವರೆಗೆ ತಿರುವುತ್ತ ಕುದಿಸಬೇಕು. ಬಳಿಕ ಬಟ್ಟೆಯಲ್ಲಿ ಸೋಸಬೇಕು. ಉಗುರುಬೆಚ್ಚಗಿರುವಾಗ ತೊಳೆದ ಲೇಸನ್ನು ಅದ್ದಿ, ಹಿಂಡದೆ, ಬಟ್ಟೆಯ ನಡುವೆ ಮೆಲ್ಲನೆ ಒತ್ತಿ ಹೆಚ್ಚಿನ ಗಂಜಿಯನ್ನು ತೆಗೆಯಬೇಕು. ಬೋರಲಾಗಿಟ್ಟ ಲೋಟದ ಮೇಲೆ ಆಕಾರ ಕೊಟ್ಟು ಪೂರ್ತಿ ಒಣಗಿಸಬೇಕು. ಬಂಧಗಳು ಕೂಡುವುದು ಒಣಗುವಾಗಲೇ. ಆಗ ಇದ್ದ ಆಕಾರವೇ ಉಳಿಯುತ್ತದೆ. ತುಕ್ಕು ಹಿಡಿಯುವ ಗುಂಡುಸೂಜಿಗಳನ್ನು ಚುಚ್ಚಬಾರದು.

ಗಂಜಿ ಹಾಕಿದ ಲೇಸನ್ನು ಬಹುಕಾಲ ಮಡಿಸಿಡುವುದೂ ಸಲ್ಲದು. ಮಡಿಕೆಯಲ್ಲಿ ನಾರುಗಳು ಮುರಿಯಬಹುದು. ಪಿಷ್ಟದ ಆಸೆಗೆ ಹುಳುಗಳೂ ಬೂಷ್ಟೂ ಬರುತ್ತವೆ. ಆದುದರಿಂದ ಮುಂಗಾರಿಗೆ ಮುನ್ನ ನಾವು ಬುಟ್ಟಿಯನ್ನು ತೊಳೆದು, ಒಣಗಿಸಿ, ಗಂಜಿಯಿಲ್ಲದೆ ಎತ್ತಿಡುತ್ತೇವೆ. ಮಳೆ ಕಳೆದ ಮೇಲೆ ಮತ್ತೆ ಗಂಜಿ ಹಾಕುತ್ತೇವೆ. ಲೋಟದ ಮೇಲೆ ಅದನ್ನು ಸರಿಯಾಗಿ ಕೂರಿಸುವ ಕೆಲಸ ಮಾತ್ರ ಈಗಲೂ ತಾಯಿಯವರದೇ. ಅದಕ್ಕೆ ಅವರ ಬೆರಳುಗಳೇ ಸಾಕು.