ಲೋಧಿ ಕಾಲೊನಿ ಪ್ರಕರಣ ಮತ್ತು ಸೆಕ್ಷನ್ 185

1999ರ ಜನವರಿ 10ರ ಮುಂಜಾವು ದೆಹಲಿಯ ಲೋಧಿ ಕಾಲೊನಿಯಲ್ಲಿ ಬಿಎಂಡಬ್ಲ್ಯು ಕಾರು ಡಿಕ್ಕಿಯಾಗಿ, ಮೂವರು ಪೊಲೀಸರೂ ಸೇರಿ ಆರು ಮಂದಿ ಸತ್ತರು. ಚಾಲಕನ ರಕ್ತದಲ್ಲಿ ಶೇ 0.115ರಷ್ಟು ಮದ್ಯಸಾರವಿತ್ತು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 185ರ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಅಂದರೆ ಚಾಲಕನಲ್ಲಿದ್ದದ್ದು ಅದರ ಹೆಚ್ಚುಕಡಿಮೆ ನಾಲ್ಕು ಪಟ್ಟು.

ವಿಚಾರಣಾ ನ್ಯಾಯಾಲಯ 2008ರಲ್ಲಿ ಐದು ವರ್ಷ ಶಿಕ್ಷೆ ಕೊಟ್ಟಿತು. ಹೈಕೋರ್ಟ್ 2009ರಲ್ಲಿ ಕೃತ್ಯವನ್ನು ಬರೀ ನಿರ್ಲಕ್ಷ್ಯವೆಂದು (ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿಯ 304ಎ) ಕಂಡು ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ 304ರ ಭಾಗ 2, ಅಂದರೆ ಕೊಲೆಯಲ್ಲದ ದಂಡನೀಯ ನರಹತ್ಯೆ, ಎಂದೇ ಹೇಳಿತು. ಆದರೂ ಅನುಭವಿಸಿದ ಜೈಲುವಾಸವೇ ಸಾಕೆಂದು ₹50 ಲಕ್ಷ ಪಾವತಿ, ಎರಡು ವರ್ಷ ಸಮುದಾಯ ಸೇವೆ ವಿಧಿಸಿತು. ಕಲಂ ಗಟ್ಟಿ, ಶಿಕ್ಷೆ ಮೆದು!

ಬರೀ ಕುಡಿದು ಓಡಿಸಿದ್ದಕ್ಕೆ, ಅಪಘಾತ ಆಗದಿದ್ದರೂ, ಸೆಕ್ಷನ್ 185ರಡಿ ಮೊದಲ ಸಲ 6 ತಿಂಗಳವರೆಗೆ ಜೈಲು, ₹10,000 ದಂಡ ಅಥವಾ ಎರಡೂ. ಮರುಕಳಿಸಿದರೆ 2 ವರ್ಷದವರೆಗೆ ಜೈಲು, ₹15,000 ದಂಡ ಅಥವಾ ಎರಡೂ. ಈ ದರ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಉಸಿರು ಪರೀಕ್ಷೆಯ ನಿಯಮ ಅದೇ ಕಾಯ್ದೆಯ ಸೆಕ್ಷನ್ 203ರಲ್ಲಿದೆ.

2024ರ ಜುಲೈ 1ರಿಂದ ಐಪಿಸಿ 304, 304ಎ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 105, 106 ಬಂದಿವೆ. ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆ ಈಗ 5 ವರ್ಷ.