ಓದಿದ ಪುಸ್ತಕಗಳ ಲೆಕ್ಕ

ಅಂಗಡಿಯಿಂದ ಕಡ ತಂದ ಸಾಮಾನು, ಡೇರಿಗೆ ಹಾಕಿದ ಹಾಲು, ಆಳುಗಳಿಗೆ ಕೊಟ್ಟ ಕೂಲಿ ಇವೆಲ್ಲವನ್ನು ನಾವು ಬರೆದಿಡುತ್ತೇವೆ. ಬರೆಯದಿದ್ದರೆ ಕೈಗೆ ಬಂದದ್ದೆಷ್ಟು, ಕೈಬಿಟ್ಟು ಹೋದದ್ದೆಷ್ಟು ಎಂಬದು ತಿಳಿಯದು. ಆದರೆ ದುಡಿಮೆ ಮುಗಿಸಿ ರಾತ್ರಿ ಕೂತು ಓದಿದ ಪುಸ್ತಕಗಳಿಗೆ ಲೆಕ್ಕವಿಡುವವರು ಅಪರೂಪ. ಹೀಗಿರಲಾಗಿ ವರುಷದ ಕೊನೆಯಲ್ಲಿ ಓದಿದ್ದೂ ನೆನಪಿಲ್ಲ, ಓದದೆ ಬಿಟ್ಟದ್ದೂ ಗೊತ್ತಿಲ್ಲ. ಆದದರಿಂದ ಈ ಲೆಕ್ಕವನ್ನು ಯಾಕೆ, ಹೇಗೆ ಇಡಬೇಕೆಂಬದನ್ನು ವಿಚಾರಿಸೋಣ.

1. ಒಂದು ದೃಷ್ಟಾಂತ.

ಚಾರ್ಲ್ಸ್ ಡಾರ್ವಿನ್ (1809-1882) ಎಂಬವನು ಇಂಗ್ಲೆಂಡಿನ ಹೆಸರಾಂತ ಪ್ರಕೃತಿಶಾಸ್ತ್ರಜ್ಞನು. ಇಲ್ಲಿ ನಮಗೆ ಬೇಕಾದದ್ದು ಅವನ ಓದಿನ ಕ್ರಮ ಮಾತ್ರ. ಅವನು 1838ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಓದಬೇಕಾದ ಪುಸ್ತಕಗಳಿಗೆ ಒಂದು ಪಟ್ಟಿಯನ್ನೂ ಓದಿ ಮುಗಿಸಿದವುಗಳಿಗೆ ಮತ್ತೊಂದನ್ನೂ ಆರಂಭಿಸಿ, 1860ರ ವರೆಗೆ 22 ವರುಷ ನಡಿಸಿದನು. ಅದರಲ್ಲಿ ಪುಸ್ತಕದ ಹೆಸರು, ದಿನ, ಕೆಲವೊಮ್ಮೆ ಒಂದೆರಡು ಮಾತಿನ ಅಭಿಪ್ರಾಯ ಇರುವದು. ಇದಲ್ಲದೆ ತನ್ನ ಸ್ವಂತ ಪುಸ್ತಕಗಳ ಕೊನೆಯಲ್ಲಿ ಬೇಕಾದ ಸಂಗತಿಗಳನ್ನು ಗುರುತುಮಾಡಿಕೊಂಡು, ಹೊಸ ವಿಷಯವನ್ನು ಕೈಕೊಳ್ಳುವಾಗ ಆ ಗುರುತುಗಳನ್ನೆಲ್ಲಾ ತೆಗೆದು ನೋಡುವನು. ವೃದ್ಧನಾದ ಮೇಲೆ ಆ ಪಟ್ಟಿಯನ್ನು ಕಂಡಾಗ ತನ್ನ ಶ್ರಮಕ್ಕೆ ತಾನೇ ಆಶ್ಚರ್ಯಪಡುವೆನೆಂದು ಬರೆದಿದ್ದಾನೆ.

2. ಪಟ್ಟಿಯನ್ನು ಪರೀಕ್ಷಿಸಬೇಕು.

ಅದೇ ಮನುಷ್ಯನು 1876ರಲ್ಲಿ ಬರೆದ ಆತ್ಮಚರಿತ್ರೆಯಲ್ಲಿ ಒಂದು ನಷ್ಟವನ್ನೂ ಹೇಳುತ್ತಾನೆ. ಮೂವತ್ತು ವರುಷದ ವರೆಗೂ ಅದರಾಚೆಗೂ ಕಾವ್ಯಗಳು ಅವನಿಗೆ ಬಹು ಸಂತೋಷ ಕೊಡುತ್ತಿದ್ದವು. ಮುಂದೆ ಆ ರುಚಿಯು ಪೂರ್ಣವಾಗಿ ಕೆಟ್ಟುಹೋಯಿತು. ಮತ್ತೊಮ್ಮೆ ಬಾಳುವಂತಿದ್ದರೆ ವಾರಕ್ಕೊಂದಾವರ್ತಿಯಾದರೂ ಕಾವ್ಯ ಓದುವದನ್ನೂ ಸಂಗೀತ ಕೇಳುವದನ್ನೂ ನೇಮಮಾಡಿಕೊಳ್ಳುತ್ತಿದ್ದೆನೆಂದು ಅವನು ವ್ಯಸನಪಟ್ಟನು. ನೋಡಿರಿ, ಅಷ್ಟು ಕ್ರಮವಾಗಿ ಪಟ್ಟಿಯಿಟ್ಟವನಿಗೂ ಈ ನಷ್ಟ ತಪ್ಪಲಿಲ್ಲ. ಆದದರಿಂದ ಬರೆಯುವದು ಮಾತ್ರವೇ ಸಾಲದು. ಬರೆದದ್ದನ್ನು ಆಗಾಗ್ಗೆ ಪರೀಕ್ಷಿಸಿ, ಇದರಲ್ಲಿ ಯಾವದು ಇಲ್ಲವೆಂದು ಕೇಳಿಕೊಳ್ಳಬೇಕು. ಒಂದೇ ಬೆಳೆ ಬೆಳೆದ ಹೊಲವು ಸಾರಗೆಡುವಂತೆ ಒಂದೇ ಬಗೆಯ ಓದಿನಿಂದ ಮನಸ್ಸೂ ಬಡವಾಗುವದು.

3. ಲೆಕ್ಕವಿಡುವ ಕ್ರಮ.

ಮಕ್ಕಳ ಬರೆಯುವ ಪುಸ್ತಕ ಒಂದು ಸಾಕು. ಪುಸ್ತಕದ ಹೆಸರು, ಬರೆದವರ ಹೆಸರು, ಆರಂಭಿಸಿದ ದಿನ, ಮುಗಿಸಿದ ದಿನ, ಯಾರಿಂದ ತಂದದ್ದು ಎಂದು ಬರೆಯಿರಿ. ಕಡ ತಂದ ಪುಸ್ತಕವನ್ನು ಹಿಂದಕ್ಕೆ ಕೊಡುವದಕ್ಕೂ ಇದು ಸಹಾಯವಾಗುವದು. ಕೆಳಗೆ ಕಲಿತದ್ದನ್ನು ಸ್ವಂತ ಮಾತಿನಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಕಣ್ಣು ಓದಿತು, ಮನಸ್ಸು ಓದಲಿಲ್ಲ ಎಂದು ತಿಳಿಯಿರಿ. ಅರ್ಧಕ್ಕೆ ಬಿಟ್ಟದ್ದನ್ನೂ ಮರೆಮಾಡದೆ, ಬಿಟ್ಟ ಪುಟವನ್ನೂ ಕಾರಣವನ್ನೂ ಬರೆಯಿರಿ. ಅಕ್ಷರ ಬಾರದ ತಾಯಂದಿರಿಗೆ ಮಕ್ಕಳು ಓದಿ ಹೇಳಿದ ಪುಸ್ತಕವು ತಾಯಿಯ ಲೆಕ್ಕಕ್ಕೂ ಸೇರತಕ್ಕದ್ದು.

ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ತೆರೆದು ನೋಡಿರಿ. ಬೇಸಾಯ, ಆರೋಗ್ಯ, ಚರಿತ್ರೆ, ಕಥೆ, ಕವಿತೆ ಇವುಗಳಲ್ಲಿ ಯಾವದು ಕಾಣುವದಿಲ್ಲವೋ ಅದನ್ನು ಪಂಚಾಯತಿಯ ಗ್ರಂಥಾಲಯದಲ್ಲಿ ಕೇಳಿ ತನ್ನಿರಿ. ಸಂಖ್ಯೆಯನ್ನು ತೋರಿಸಿ ಹೊಗಳಿಕೊಳ್ಳಬೇಡಿರಿ. ಓಡುತ್ತಾ ಓದಿದ ಹತ್ತಕ್ಕಿಂತ ಎರಡಾವರ್ತಿ ಓದಿದ ಒಂದು ಮೇಲು.

ಪ್ರಶ್ನೆಗಳು: (1) ಕಳೆದ ವರುಷ ನೀವು ಓದಿದ ಪುಸ್ತಕಗಳ ಹೆಸರುಗಳನ್ನು ಹೇಳಬಲ್ಲಿರಾ? (2) ಡಾರ್ವಿನನಿಗಾದ ನಷ್ಟ ಯಾವದು? (3) ನಿಮ್ಮ ಓದಿನಲ್ಲಿ ಕೊರತೆಯಾಗಿರುವದು ಯಾವದು?