ಚಳಿಗೆ ಮೊದಲಿನ ಭಾನುವಾರಗಳು

ಈಸೂರಿನ ಕಡೆ ದೀಪಾವಳಿ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ಡಿಸೆಂಬರಿನ ಚಳಿ ಇನ್ನೂ ಬಂದಿರುವುದಿಲ್ಲ. ನಡುವಿನ ಒಂದೆರಡು ಭಾನುವಾರ ಮನೆಗೆ ಮೀಸಲಿಡಿ. ಹಂಚಿನ ಮನೆಯಾದರೆ ಮೊದಲು ಅಟ್ಟ ಹತ್ತಿ ನೋಡಿ. ನೀರು ಸೋರಿದ ಕಡೆ ಪಕಾಸಿ, ರೀಪುಗಳಲ್ಲಿ ಕರೆಗಟ್ಟಿರುತ್ತದೆ. ಅದು ಮಾಸುವ ಮುಂಚೆ ಸುಣ್ಣದಿಂದ ಗುರುತು ಮಾಡಿಕೊಳ್ಳಿ. ಚಾಕುವಿನ ಮೊನೆ ಸಲೀಸಾಗಿ ಇಳಿದರೆ ಮರ ಒಳಗೇ ಹಾಳಾಗಿದೆ, ಬದಲಿಸಲೇಬೇಕು. ಪಾಚಿಗಟ್ಟಿದ ಹಂಚಿನ ಮೇಲೆ ಮಾತ್ರ ದಯವಿಟ್ಟು ಕಾಲಿಡಬೇಡಿ, ಪೂರ್ತಿ ಒಣಗಲಿ.

ಹಿತ್ತಲಲ್ಲಿ ಮೆಂತ್ಯ, ಮೂಲಂಗಿ, ಕೊತ್ತಂಬರಿ ಬಿತ್ತಲು ಇದೇ ಹದ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಮೊಳಕೆಗೆ ವಾರಕ್ಕಿಂತ ಹೆಚ್ಚೇ ಬೇಕು. ಅವಸರಪಟ್ಟು ಮಡಿ ಕೆದಕಬೇಡಿ.